ಉಸಿರುಗಳ್ಳಿ

ಪಿಂಗಾಣಿ ಕಾರ್ಖಾನೆ ತನ್ನ ಜರಡಿಮನೆಯ ಹೆಂಗಸರಿಗೆ ಕೊಡಬೇಕಾದ ಧೂಳಿನ ಭತ್ಯೆ ಇವತ್ತಿಗೂ ಬಾಕಿ ಇದೆ. ಮುಷ್ಕರ ನಡೆಸಿ, ಗೇಟಿನ ಮುಂದೆ ಲಾಠಿ ತಿಂದು, ಕಡೆಗೆ ಮಾತುಕತೆಗೆ ಕೂತಾಗ ಧಣಿಗಳು ಭತ್ಯೆಯ ಬದಲು ಮನೆ ಕೊಡುತ್ತೇವೆ ಅಂದರು. ಕಾರ್ಖಾನೆಯ ಹಿಂದಿದ್ದ ಎರಡು ಸಾಲುಮನೆ. ಕರಾರಿನಲ್ಲಿ ಬರೆದದ್ದು ಇಷ್ಟು: ಜರಡಿಮನೆಯಲ್ಲಿ ದುಡಿದ ಹೆಂಗಸರಲ್ಲಿ ಒಬ್ಬಳಾದರೂ ಬದುಕಿರುವ ತನಕ ಆ ಮನೆಗಳಲ್ಲಿ ಅವರೆಲ್ಲರ ಮಕ್ಕಳುಮರಿ ಇರಬಹುದು. ಕೊನೆಯವಳು ಸತ್ತ ದಿನ ಮನೆಗಳು ಕಾರ್ಖಾನೆಗೆ ವಾಪಸು.

ಸಾಲ ತೀರಿಸುವ ರೀತಿ ನೋಡಿ. ನೀವು ಬೇಗ ಬೇಗ ಸತ್ತರೆ ನಮಗೆ ಲಾಭ ಎಂದು ಬರೆದು, ಕೆಳಗೆ ನಮ್ಮ ಅಮ್ಮಂದಿರಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ಕೊನೆಯವಳನ್ನು ಕುರಿತು ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಅವಳ ಹೆಸರು ಉಸಿರುಗಳ್ಳಿ. ಈಗ ಎರಡು ಸಾಲಿಗೂ ಅವಳು ಅಜ್ಜಿ.

ಜರಡಿಮನೆ ಅಂದರೇನು ಎಂದು ನಿಮಗೆ ತಿಳಿದಿರಲಿಕ್ಕಿಲ್ಲ. ದಿನಾ ಬೆಳಗ್ಗೆ ನೀವು ಹೋಗಿ ಕೂರುವ ಕಮೋಡಿಗೆ ಒಂದು ಹೊಳಪಿದೆಯಲ್ಲ, ಅದು ಬೆಣಚುಕಲ್ಲಿನ ಹಿಟ್ಟಿನಿಂದ ಬರುವ ಹೊಳಪು. ಕಲ್ಲನ್ನು ಯಂತ್ರ ಅರೆಯುತ್ತಿತ್ತು. ಅರೆದದ್ದನ್ನು ಜರಡಿ ಹಿಡಿಯುವುದಕ್ಕೆ ಯಂತ್ರಕ್ಕಿಂತ ಹೆಂಗಸರು ಅಗ್ಗ. ಮಂಚದಷ್ಟು ಅಗಲದ ಜರಡಿಯನ್ನು ತೊಲೆಯಿಂದ ಹಗ್ಗ ಕಟ್ಟಿ ಇಳಿಬಿಟ್ಟಿರುತ್ತಿದ್ದರು. ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಇವಳು ಎಳೆದರೆ ಅವಳು ತಳ್ಳಬೇಕು. ಕಿಟಕಿ ತೆರೆಯುವಂತಿಲ್ಲ. ಗಾಳಿ ಬಂದರೆ ಹಿಟ್ಟು ಹಾರಿ ಕಾರ್ಖಾನೆಗೆ ನಷ್ಟ. ಹೆಂಗಸರ ಎದೆಯೊಳಗೆ ಹೋದ ಹಿಟ್ಟನ್ನು ಮಾತ್ರ ಯಾರೂ ನಷ್ಟ ಎಂದು ಬರೆದುಕೊಳ್ಳಲಿಲ್ಲ.

ಅಲ್ಲಿಗೆ ಹೊಸದಾಗಿ ಬಂದ ಹುಡುಗಿಗೆ ಹಳಬರು ಮೊದಲು ಕಲಿಸುತ್ತಿದ್ದದ್ದು ಉಸಿರು ಕಟ್ಟುವುದನ್ನು. ಜರಡಿ ಆಡುತ್ತಿರುವಷ್ಟು ಹೊತ್ತೂ ಉಸಿರು ಬಿಗಿಹಿಡಿಯಬೇಕು. ಜರಡಿ ನಿಲ್ಲಿಸಿ ಮೇಲುಳಿದ ನುಚ್ಚು ಸುರಿಯುವಾಗ ಮುಖವನ್ನು ಹೆಗಲ ಕಡೆ ತಿರುಗಿಸಿ, ಬಟ್ಟೆಯ ಮರೆಯಲ್ಲಿ ಒಂದೇ ಒಂದು ಗುಟುಕು ಗಾಳಿ ಎಳೆದುಕೊಳ್ಳಬೇಕು. ಮತ್ತೆ ಕಟ್ಟಬೇಕು. ನಮ್ಮವಳು ಇದರಲ್ಲಿ ಎಲ್ಲರನ್ನೂ ಮೀರಿಸಿದಳು. ಅವಳೆದುರಿಗೆ ಜರಡಿಯ ಆ ತುದಿ ಹಿಡಿಯುತ್ತಿದ್ದವಳು ಕುಳ್ಳಿ. ಒಂದು ಸಲ ಮೇಸ್ತ್ರಿ ಬಂದು, "ಏನೇ, ಆಗಿಂದ ನೋಡ್ತಿದೀನಿ, ಮುಖ ಆ ಕಡೆ ಹಾಕ್ಕೊಂಡು ಮೈಗಳ್ಳತನ ಮಾಡ್ತೀಯಾ?" ಎಂದು ಗದರಿದ. ಇವಳು ಬಾಯಿ ಬಿಡುವಂತಿರಲಿಲ್ಲ. ಕುಳ್ಳಿಯೇ ಜರಡಿ ನಿಲ್ಲಿಸಿ, "ಅವಳು ಮೈ ಕದಿಯೋದಿಲ್ಲ ಮೇಸ್ತ್ರಿ, ಉಸಿರು ಕದೀತಾಳೆ. ಅದನ್ನೂ ಸಂಬಳದಲ್ಲಿ ಹಿಡ್ಕೊಳ್ಳಿ" ಅಂದಳು. ಹೆಸರು ಅಂಟಿಕೊಂಡದ್ದು ಅಲ್ಲಿಂದ.

ಮೈಗೆ ಹತ್ತಿದ ಕೆಲಸ ಮನೆಗೂ ಬಂತು. ನಿದ್ದೆಯಲ್ಲೂ ಆ ಹೆಂಗಸರೆಲ್ಲ ಹಾಗೇ ಉಸಿರಾಡುತ್ತಿದ್ದರು. ನೋಡುವವರ ಜೀವ ಬಾಯಿಗೆ ಬರುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮುಖ ಹೆಗಲಿಗೆ ವಾಲಿ ಒಂದು ಗುಟುಕು. ಮದುವೆಯಾದ ಹೊಸದರಲ್ಲಿ ಇವಳ ಗಂಡ ಹೆದರಿ, "ಅವ್ವಾ, ಇವಳು ಹೋಗ್ಬಿಟ್ಲು" ಎಂದು ತಾಯಿಯನ್ನು ಕೂಗಿದ. ಅತ್ತೆ ಓಡಿಬರುವಷ್ಟರಲ್ಲಿ ಸೊಸೆ ಒಂದು ಗುಟುಕು ಎಳೆದಾಗಿತ್ತು. "ಎಲ್ಲೂ ಹೋಗಿಲ್ಲ ಕಣೋ, ಇಲ್ಲೇ ಇದ್ದಾಳೆ ನಿನ್ನ ಗ್ರಹಚಾರ" ಎಂದು ಅತ್ತೆ ಹೋಗಿ ಮಲಗಿದಳು. ಸಾಲುಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದು ಹೊಸತಲ್ಲ. ಅಮ್ಮಂದಿರು ಮಲಗುವುದೇ ಹಾಗೆ ಎಂದುಕೊಂಡು ಬೆಳೆದರು.

ಕಾರ್ಖಾನೆಗೆ ಒಬ್ಬ ಡಾಕ್ಟರಿದ್ದ. ವರ್ಷಕ್ಕೊಮ್ಮೆ ಎಲ್ಲರ ಎದೆಯ ಫೋಟೋ ತೆಗೆಸುತ್ತಿದ್ದ. ಏನಿದೆ ಡಾಕ್ಟ್ರೇ ಎಂದು ಕೇಳಿದರೆ, "ಏನಿಲ್ಲಮ್ಮ, ಹಾಲು ಕುಡಿ" ಅನ್ನುತ್ತಿದ್ದ. ಕೆಮ್ಮುವವಳಿಗೂ ಹಾಲು, ರಕ್ತ ಉಗುಳುವವಳಿಗೂ ಹಾಲು.

ಕರಾರಿಗೆ ಹೆಬ್ಬೆಟ್ಟು ಒತ್ತುವ ದಿನ ಉಸಿರುಗಳ್ಳಿ ಮತ್ತು ಕುಳ್ಳಿ ಧಣಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸೆಕೆಗೆ ಬಾಗಿಲು ತೆರೆದಿತ್ತು. ಒಳಗೆ ಧಣಿ ಮತ್ತು ಡಾಕ್ಟರು ಚಹಾ ಕುಡಿಯುತ್ತಿದ್ದರು. ಹೊರಗೆ ಕೂತವರಿಗೂ ಕಿವಿ ಇರುತ್ತದೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ.

"ಬದುಕಿರೋ ತನಕ ಅಂತ ಬರ್ಕೊಟ್ರೆ ಇವರು ಇಲ್ಲೇ ಬೇರು ಬಿಡಲ್ವಾ?" ಎಂದ ಧಣಿ.

"ಧೈರ್ಯವಾಗಿ ಬರ್ಕೊಡಿ. ಇವರ ಎದೆ ಒಳಗೆ ನಾನು ನೋಡಿದೀನಲ್ಲ. ಅಲ್ಲಿ ಬರೀ ಕಲ್ಲಿದೆ. ಹತ್ತು ವರ್ಷ ಕಳೀಲಿ, ಹುಡುಕಿದ್ರೂ ಒಬ್ಬಳು ಸಿಗಲ್ಲ."

ಇಬ್ಬರೂ ನಕ್ಕರು. ಕುಳ್ಳಿಗೆ ಅಳು ಬಂತು. ಉಸಿರುಗಳ್ಳಿ ಅವಳ ತೊಡೆ ಚಿವುಟಿ, "ಅಳಬೇಡ್ವೇ, ಉಸಿರು ದಂಡ" ಅಂದಳು. ಆಮೇಲೆ ಎದ್ದು ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಎದುರಿಗಿದ್ದ ಎರಡೂ ಮುಖಗಳನ್ನು ಸಾವಕಾಶವಾಗಿ ನೋಡಿದಳು. ಇವನಿಗೆಷ್ಟು ವಯಸ್ಸು, ಅವನಿಗೆಷ್ಟು ಎಂದು ಅಂದಾಜು ಹಾಕಿಕೊಂಡಳು.

ಅವತ್ತಿನಿಂದ ಬದುಕುವುದೇ ಅವಳ ಕಸುಬಾಯಿತು. ಎದೆಯೊಳಗೆ ಕಲ್ಲಿದೆ ಎಂದು ತಿಳಿದ ಮೇಲೆ ಜನ ದೇವರನ್ನು ನೆನೆಯುತ್ತಾರೆ, ಸಿಕ್ಕಿದ್ದನ್ನು ತಿಂದು ಉಂಡು ಖುಷಿ ಪಡುತ್ತಾರೆ, ಇಲ್ಲವೇ ಮೂಲೆ ಹಿಡಿಯುತ್ತಾರೆ. ಇವಳು ಮಾಡಿದ್ದು ಬೇರೆ. ನಡೆಯುವ ದಾರಿ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು, ಜಗಳ ಬಿಟ್ಟಳು. ಗಂಡ ಕುಡಿದು ಬಂದು ಬೈದರೆ, "ನಿನಗೆ ಉತ್ತರ ಕೊಡೋ ಉಸಿರಲ್ಲಿ ನಾನು ನಾಳೆ ಬದುಕ್ತೀನಿ ಹೋಗು" ಎಂದು ಮುಸುಕೆಳೆಯುತ್ತಿದ್ದಳು. ಗಂಡ ಹೋದ. ಒಬ್ಬನೇ ಮಗ, ಅವನೂ ನಡುವಯಸ್ಸಿನಲ್ಲಿ ಜ್ವರ ಬಂದು ಹೋದ. ಮಗನ ಆಯಸ್ಸನ್ನೂ ಇವಳೇ ತಿಂದಳು ಎಂದು ಆಡಿಕೊಂಡವರಿದ್ದಾರೆ. ಅದು ಅವಳ ಕಿವಿಗೂ ಬಿತ್ತು. "ಕೊಡೋ ಹಂಗಿದ್ರೆ ನಾನೇ ಕೊಡ್ತಿದ್ದೆ. ಅವನು ಕೇಳ್ಲಿಲ್ಲ" ಅಂದಳು. ಆ ವರ್ಷ ಅವಳು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಆದರೆ ಸಾಯಲೂ ಇಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಸೊಸೆ. ಸೊಸೆ ಮುಂದಿನ ಕೋಣೆಯಲ್ಲಿ ಇದ್ದಿಲ ಪೆಟ್ಟಿಗೆ ಇಟ್ಟುಕೊಂಡು ಊರವರ ಬಟ್ಟೆ ಇಸ್ತ್ರಿ ಮಾಡುತ್ತಾಳೆ.

ಜರಡಿಮನೆಯ ಹೆಂಗಸರು ಒಬ್ಬೊಬ್ಬರಾಗಿ ಕೆಮ್ಮಿ ಕೆಮ್ಮಿ ಹೋಗುತ್ತಿದ್ದಾಗ ಧಣಿ ಮೊದಲು ಸತ್ತ. ತಿಂದದ್ದು ಹೆಚ್ಚಾಗಿ ಸತ್ತ ಅನ್ನುತ್ತಾರೆ. ಉಸಿರುಗಳ್ಳಿ ಒಗೆದ ಬಟ್ಟೆ ಉಟ್ಟು ಸಾವಿನ ಮನೆಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತಳು. ಯಾರೋ ನೆಂಟರು ಕನಿಕರದಿಂದ, "ಪಾಪ, ಹಳೇ ಕೆಲಸದವಳಾ? ಧಣಿಗಳ ಮೇಲೆ ಅಷ್ಟು ಪ್ರೀತಿಯಾ?" ಅಂದರು.

"ಪ್ರೀತಿ ಅಲ್ಲಮ್ಮ, ಖಾತ್ರಿ ಮಾಡ್ಕೊಂಡು ಹೋಗೋಣ ಅಂತ."

ಡಾಕ್ಟರು ಬೇಗ ಸಾಯಲಿಲ್ಲ. ಅವನದು ನಿಧಾನದ ಸಾವು. ಕಡೆಗಾಲದಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ದಿಂಬಿಗೊರಗಿ ಕೂತಿರುತ್ತಿದ್ದ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಇವಳು ನೋಡಲು ಹೋದಳು. ಹೆಂಡತಿ ಕುರ್ಚಿ ಹಾಕಿದಳು. ಡಾಕ್ಟರು ಗುರುತು ಹಿಡಿದ. ಹಿಡಿಯದೇ ಇರುತ್ತಾನೆಯೇ, ಅವನ ಲೆಕ್ಕ ತಪ್ಪಿಸಿದ ಹೆಂಗಸು.

"ನೀನು... ಇನ್ನೂ..." ಅಂದ. ವಾಕ್ಯ ಮುಗಿಸುವಷ್ಟು ಗಾಳಿ ಅವನಲ್ಲಿರಲಿಲ್ಲ.

"ಇದೀನಿ ಡಾಕ್ಟ್ರೇ."

"ಹೆಂಗೆ ಹಿಡಿತಿದ್ರಿ... ಉಸಿರು? ನಂಗೆ... ಹೇಳ್ಕೊಡು."

ಸಾಯುವ ಮನುಷ್ಯ ಕೈ ನೀಡಿ ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರು, ಆ ಕೈ ಹಿಡಿಯುತ್ತಿದ್ದರು, ಹಳೆಯದನ್ನೆಲ್ಲ ಮರೆತೆ ಅನ್ನುತ್ತಿದ್ದರು. ನನಗೆ ಅಂಥ ಕಥೆ ಬರೆಯಲು ಬರುವುದಿಲ್ಲ, ಅವಳಿಗೆ ಅಂಥ ಬಾಳು ಬಾಳಲು ಬರುತ್ತಿರಲಿಲ್ಲ. ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು: "ಏನಿಲ್ಲ ಡಾಕ್ಟ್ರೇ, ಹಾಲು ಕುಡೀರಿ."

ಹೊರಗೆ ಬಂದಾಗ ಡಾಕ್ಟರ ಹೆಂಡತಿ ಕೈ ಮುಗಿದು ಕಳಿಸಿಕೊಟ್ಟಳು. ಬಂದದ್ದಕ್ಕೆ ಉಪಕಾರವಾಯಿತು ಅಂದಳು. ಅವನು ಸತ್ತಾಗ ಹೆಣ ನೋಡಲೂ ಇವಳು ಹೋದಳು.

ಕಡೆಗೆ ಉಳಿದವರು ಇಬ್ಬರೇ, ಜರಡಿಯ ಈ ತುದಿಯವಳು ಮತ್ತು ಆ ತುದಿಯವಳು. ಕುಳ್ಳಿಗೆ ಬದುಕು ಸಾಕಾಗಿತ್ತು. ಹೆದರಿಕೆ ಇರಲಿಲ್ಲ, ದುಃಖವೂ ಇರಲಿಲ್ಲ. ಸಂತೆ ಮುಗಿದ ಮೇಲೆ ಬುಟ್ಟಿ ಎತ್ತಿಕೊಂಡು ಹೊರಡುವವಳ ಹಾಗೆ ತಯಾರಾಗಿ ಕೂತಿದ್ದಳು. ಇವಳು ಅವಳ ಮಂಚದ ಪಕ್ಕ ಕೂತು ಬೈದಳು.

"ಸಾಯ್ತೀಯಾ? ಹೋಗಿ ಅವರ ಮನೆ ಉದ್ಧಾರ ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಸಾಕು ಕಣೇ. ಕದ್ದು ಕದ್ದು ಉಸಿರಾಡಿ ಬೇಜಾರಾಗಿದೆ. ಅಲ್ಲಿ ಹೋಗಿ ಆರಾಮಾಗಿ ಬಾಯ್ತುಂಬ ಎಳ್ಕೋತೀನಿ."

"ಅಲ್ಲಿ ಗಾಳಿ ಇದೆ ಅಂತ ಯಾರು ಹೇಳಿದ್ರು?"

"ಇಲ್ಲಿತ್ತು ಅಂತ ಯಾರು ಹೇಳಿದ್ರು?" ಎಂದು ಕುಳ್ಳಿ ನಕ್ಕಳು. ನಕ್ಕದ್ದಕ್ಕೆ ಬಹಳ ಹೊತ್ತು ಕೆಮ್ಮಬೇಕಾಯಿತು. ಕೆಮ್ಮು ನಿಂತ ಮೇಲೆ ಅಂದಳು: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಗಂಡನಿಗೋಸ್ಕರ ಬದುಕ್ಲಿಲ್ಲ, ಮಗನಿಗೋಸ್ಕರಾನೂ ಇಷ್ಟು ಬದುಕ್ತಿರಲಿಲ್ಲ. ನೀನು ಬದುಕಿರೋದು ಆ ಧಣಿಗೋಸ್ಕರ. ಇಂಥ ನಿಯತ್ತಿನ ಹೆಂಡ್ತಿ ಅವನಿಗೂ ಸಿಕ್ಕಿರ್ಲಿಲ್ಲ."

ಉಸಿರುಗಳ್ಳಿ ಅವಳ ಹೊದಿಕೆ ಸರಿಮಾಡಿ ಎದ್ದು ಬಂದಳು. ಎರಡು ದಿನದಲ್ಲಿ ಕುಳ್ಳಿ ಹೋದಳು. ಇವಳು ಅಳಲಿಲ್ಲ. ಆದರೆ ಆ ಮಾತು ಎದೆಯೊಳಗಿನ ಕಲ್ಲಿಗಿಂತ ಹೆಚ್ಚು ಚುಚ್ಚುತ್ತದೆ ಎಂದು ಸೊಸೆಯ ಹತ್ತಿರ ಹೇಳಿಕೊಂಡಿದ್ದಳು. "ಅವಳು ಸುಳ್ಳು ಹೇಳ್ಲಿಲ್ಲ. ನಂಗೂ ಸಾಕಾಗಿದೆ. ಮೊಣಕಾಲು ಹೋಗಿದೆ, ಕಣ್ಣು ಹೋಗಿದೆ, ರುಚಿ ಹೋಗಿದೆ. ಸಾಯೋಕೆ ನಂಗೇನು ಭಯವಾ? ಪುರುಸೊತ್ತಿಲ್ಲ ಅಷ್ಟೆ. ನಾನು ಹೋದ ಬೆಳಗ್ಗೆ ಈ ಎರಡು ಸಾಲಿನ ಜನ ಪಾತ್ರೆ ಪಗಡ ಹೊತ್ಕೊಂಡು ಬೀದೀಲಿ ನಿಂತಿರ್ತಾರೆ."

ಪತ್ರಿಕೆಯಿಂದ ಒಬ್ಬಳು ಹುಡುಗಿ ಬಂದಿದ್ದಳು, ದೀರ್ಘಾಯುಷ್ಯದ ಗುಟ್ಟು ಕೇಳಲು. "ಅಜ್ಜಿ, ಬೆಳಗ್ಗೆ ಎದ್ದು ಏನು ತಗೋತೀರಾ?" ಎಂದು ಪೆನ್ನು ಹಿಡಿದು ಕೂತಳು.

"ಹಗೆ ತಗೋತೀನಿ ಮಗಳೇ. ಖಾಲಿ ಹೊಟ್ಟೇಲಿ."

ಆ ಹುಡುಗಿ ಬರೆದುಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಬಂದದ್ದು: ಮಿತ ಆಹಾರ, ಶಾಂತ ಮನಸ್ಸು.

ಕರಾರಿನ ಪ್ರಕಾರ ಕಾರ್ಖಾನೆಯಿಂದ ಒಬ್ಬ ಗುಮಾಸ್ತ ಬಂದು, ಜರಡಿಮನೆಯವರಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ಕಣ್ಣಾರೆ ನೋಡಿ ಹೋಗಬೇಕು. ಸಾಲಿನವರು ಅವನನ್ನು ಚಿತ್ರಗುಪ್ತ ಅನ್ನುತ್ತಾರೆ. ಮೊದಲಿದ್ದ ಚಿತ್ರಗುಪ್ತ ಹಳಬ. ಅವನಿಗೆ ಈ ಹೆಂಗಸರ ನಿದ್ದೆಯ ರೀತಿ ಗೊತ್ತಿತ್ತು, ಬಂದರೆ ಬಾಗಿಲಲ್ಲಿ ನಿಂತು, "ಅಮ್ಮ, ಇದೀರಾ?" ಎಂದು ಕೂಗಿ, "ಇದೀನಿ ಹೋಗೋ" ಅನ್ನಿಸಿಕೊಂಡು ಹೋಗುತ್ತಿದ್ದ. ಅವನ ಜಾಗಕ್ಕೆ ಹೊಸಬ ಬಂದ. ಗರಿಗರಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ಧಣಿಯ ಮಗ, ಈಗಿನ ಮರಿಧಣಿ, ಅವನಿಗೆ ಏನು ಆಸೆ ತೋರಿಸಿ ಕಳಿಸಿದ್ದನೋ.

ಹೊಸ ಚಿತ್ರಗುಪ್ತ ಬಂದದ್ದು ಮಧ್ಯಾಹ್ನ. ಸೊಸೆ ಇಸ್ತ್ರಿ ಬಟ್ಟೆ ಕೊಡಲು ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಅಜ್ಜಿ ಊಟ ಮಾಡಿ ಮಲಗಿದ್ದಳು. ಅವನು ಮಂಚದ ಹತ್ತಿರ ಬಂದ. ಎದೆ ಏಳಲಿಲ್ಲ, ಇಳಿಯಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟ. ಏನೂ ಇಲ್ಲ. ತುಟಿ ನೀಲಿ, ಕೈ ತಣ್ಣಗೆ. ಅವಳ ತುಟಿ ನೀಲಿಯಾಗಿ, ಕೈ ತಣ್ಣಗಾಗಿ ಎಷ್ಟೋ ಕಾಲವಾಗಿತ್ತು, ಅದು ಅವನಿಗೇನು ಗೊತ್ತು. ಇನ್ನೊಂದು ಚೂರು ಹೊತ್ತು ನಿಂತಿದ್ದರೆ ಮುಖ ಹೆಗಲಿಗೆ ವಾಲುವುದನ್ನು ನೋಡುತ್ತಿದ್ದ. ಒಳ್ಳೆಯ ಸುದ್ದಿ ಹೊತ್ತವನಿಗೆ ನಿಲ್ಲುವ ತಾಳ್ಮೆ ಎಲ್ಲಿ? ಎದುರುಮನೆಯ ಹೆಂಗಸು ಹಾದಿಯಲ್ಲಿ ಪಾತ್ರೆ ಉಜ್ಜುತ್ತ ಕೂತಿದ್ದಳು. "ಒಳಗೆ ಅಜ್ಜಿ ಉಸಿರಾಡ್ತಿಲ್ಲ" ಅಂದ. ಅವಳು ತಲೆ ಕೂಡ ಎತ್ತದೆ, "ಹೂಂ, ಮಲಗಿದ್ದಾಳೆ" ಅಂದಳು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವನು ಓಡಿದ. ಕಾರ್ಖಾನೆಯ ಈಗಿನ ಡಾಕ್ಟರು ಕೂತ ಕುರ್ಚಿಯಿಂದ ಏಳದೆ, ಸತ್ತಿದ್ದಾಳೆ ಎಂದು ಸಹಿ ಹಾಕಿದ.

ಮರುದಿನ ಬೆಳಗ್ಗೆ ಲಾರಿ ಬಂತು. ಗಡಾರಿ, ಪಿಕಾಸಿ ಹಿಡಿದ ಆಳುಗಳು. ಸಾಲಿನ ಗಂಡಸರು ಹೆಂಗಸರು ಅಷ್ಟುಹೊತ್ತಿಗೆ ಕೆಲಸಕ್ಕೆ ಹೋಗಿದ್ದರು. ಆಳುಗಳ ಮೇಸ್ತ್ರಿ ಮೊದಲ ಮನೆಯ ಬಾಗಿಲನ್ನು ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿದ. ಸದ್ದಿಗೆ ಅಜ್ಜಿ ಕೋಲೂರಿಕೊಂಡು ಹೊರಗೆ ಬಂದಳು.

"ಏನಪ್ಪ, ಏನು ಸಮಾಚಾರ?"

"ಮನೆ ಒಡೀಬೇಕು ಅಜ್ಜಿ. ಇಲ್ಲೊಬ್ಳು ಮುದುಕಿ ಇದ್ಲಂತಲ್ಲ, ಅವಳು ಸತ್ತೋದ್ಲಂತೆ."

"ಅಯ್ಯೋ. ಯಾವಾಗ?"

"ನಿನ್ನೆ ಮಧ್ಯಾಹ್ನ ಅಂತೆ."

"ಊಟ ಮಾಡಿದ್ಲಂತಾ?"

ಮೇಸ್ತ್ರಿಗೆ ಏನೋ ಅನುಮಾನ ಬಂತು. "ಅದೆಲ್ಲ ನಂಗೇನು ಗೊತ್ತಜ್ಜಿ. ನೀವ್ಯಾರು?"

"ನಾನೇ ಆ ಹೆಣ ಕಣಪ್ಪ. ಬಾಗ್ಲು ಮೊದ್ಲಿದ್ದ ಹಾಗೆ ಕೂರ್ಸು. ಸರಿಯಾಗಿ ಕೂರ್ಸು, ಕಿರ್ ಅಂತ ಸದ್ದು ಮಾಡಬಾರದು. ಆಮೇಲೆ ನನ್ನ ಎತ್ತಿ ಲಾರೀಲಿ ಕೂರ್ಸು."

ಆ ಆಳುಗಳೂ ದಿನಗೂಲಿಯವರೇ. ಒಬ್ಬನಿಗೆ ನಗು ತಡೆಯಲಾಗದೆ ಪಿಕಾಸಿ ಕೈಜಾರಿತು. ಬಾಗಿಲು ಕೂರಿಸಿದರು, ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಕೆಡವಲು ಬಂದ ಲಾರಿಯಲ್ಲೇ ಅವಳು ಕಾರ್ಖಾನೆಗೆ ಹೋದಳು.

ಮರಿಧಣಿ ಎದ್ದು ನಿಂತ. ಮುಖ ಸುಣ್ಣವಾಗಿತ್ತು. "ಬನ್ನಿ, ಕೂತ್ಕೊಳ್ಳಿ. ಏನೋ ಗುಮಾಸ್ತನಿಂದ ತಪ್ಪಾಗಿದೆ. ನಿಮ್ಮ ಆರೋಗ್ಯ ಹೇಗಿದೆ?"

"ನಿಮ್ಮ ಡಾಕ್ಟ್ರು ಬರ್ಕೊಟ್ಟಿದ್ದಾನಲ್ಲ, ಓದ್ಕೊಂಡಿಲ್ವಾ?" ಎಂದು ಅಜ್ಜಿ ಕುರ್ಚಿಯಲ್ಲಿ ಕೂತಳು. ಹಿಂದೆ ಅವಳು ಆ ಕೋಣೆಗೆ ಬಂದದ್ದು ಒಂದೇ ಸಲ, ಹೆಬ್ಬೆಟ್ಟು ಒತ್ತಲು. ಆಗ ಕೂರಲು ಹೇಳಿದವರಿರಲಿಲ್ಲ. "ನೋಡು ಮಗ. ನಿಮ್ಮಪ್ಪನ ಹೆಣ ನೋಡಿದೀನಿ. ಅವನ ಡಾಕ್ಟ್ರ ಹೆಣಾನೂ ನೋಡಿದೀನಿ. ನಿನ್ನದು ನೋಡೋಕಾಗುತ್ತೋ ಇಲ್ವೋ, ಆಸೆ ಅಂತೂ ಇದೆ. ನಿನ್ನೆ ನಿನ್ನ ಗುಮಾಸ್ತ ನನ್ನ ಹೆಣ ನೋಡಿದೆ ಅಂದ. ಅದನ್ನ ಕೋರ್ಟಲ್ಲಿ ಹೇಳುವಂತೆ."

ಕೋರ್ಟಿಗೆ ಹೋದೆವು. ಕಾರ್ಮಿಕ ಸಂಘದ ವಕೀಲೆ ಹೆಚ್ಚು ಮಾತಾಡಲಿಲ್ಲ. ಸತ್ತಳೆಂಬ ಸರ್ಟಿಫಿಕೇಟು ಒಂದು ಕಡೆ ಇಟ್ಟಳು, ಸತ್ತವಳನ್ನು ಇನ್ನೊಂದು ಕಡೆ ಕೂರಿಸಿದಳು. ನ್ಯಾಯಾಧೀಶರು ಎರಡನ್ನೂ ನೋಡಿದರು. ಕಾರ್ಖಾನೆಯ ವಕೀಲನು, "ಉಸಿರು ಇರಲಿಲ್ಲ ಸ್ವಾಮಿ, ಪ್ರಾಮಾಣಿಕ ತಪ್ಪು" ಅಂದ. ಅಜ್ಜಿ ಎದ್ದು ನಿಂತು, "ಉಸಿರು ಇರಲಿಲ್ಲ ಅನ್ನೋದು ನಿಜ ಸ್ವಾಮಿ. ಅದನ್ನ ಇವರೇ ತಗೊಂಡಿದ್ದು" ಅಂದಳು.

ತೀರ್ಪು ಹೀಗೆ ಬಂತು: ಇನ್ನು ಮುಂದೆ ಕಾರ್ಖಾನೆಯ ಯಾರೊಬ್ಬರೂ ಆ ಹೆಂಗಸಿನ ಹೊಸಿಲು ದಾಟಕೂಡದು. ತಾನು ಬದುಕಿದ್ದೇನೆ ಎಂದು ಆಕೆ ಯಾರಿಗೂ ತೋರಿಸಬೇಕಾಗಿಲ್ಲ. ಸತ್ತಿದ್ದಾಳೆ ಎನ್ನುವವರು, ಕಣ್ಣಾರೆ ಕಂಡ ಸಾಕ್ಷಿಯನ್ನು ಕರೆತಂದು ಕೋರ್ಟಿನಲ್ಲಿ ಸಾಧಿಸಬೇಕು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಎಲ್ಲರೂ ಗೆದ್ದ ಖುಷಿಯಲ್ಲಿ ಗಲಾಟೆ ಮಾಡುತ್ತಿದ್ದರು. ಅಜ್ಜಿ ವಕೀಲೆಯ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಇನ್ನೊಂದ್ಸಲ ಹೇಳು ಮಗಳೇ. ನಾನಿದೀನಿ ಅಂತ ನಾನು ತೋರಿಸ್ಬೇಕಾಗಿಲ್ಲ?"

"ಇಲ್ಲಜ್ಜಿ."

"ನೋಡೋಕೆ ಅವರು ಒಳಗೆ ಬರೋ ಹಾಗಿಲ್ಲ?"

"ಇಲ್ಲ."

"ಕಂಡವರು ಯಾರೂ ಬಾಯಿ ಬಿಡದಿದ್ರೆ?"

ವಕೀಲೆ ಉತ್ತರ ಕೊಡಲಿಲ್ಲ. ಆಕೆ ವಕೀಲೆ, ಕೊಡುವಂತಿರಲಿಲ್ಲ. ಎದುರಿಗಿದ್ದ ಮರವನ್ನು ನೋಡುತ್ತ ಕೂತಳು.

"ಹಂಗಾದ್ರೆ ನಾನಿನ್ನು ಸಾಯಬಹುದು" ಅಂದಳು ಅಜ್ಜಿ. ಅಂಥ ಹಗುರ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಇಡೀ ಆಯಸ್ಸು ಹೊತ್ತಿದ್ದ ಮೂಟೆಯನ್ನು ಇಳಿಸುವುದಕ್ಕೆ ಒಂದು ಕಟ್ಟೆ ಸಿಕ್ಕಿತ್ತು.

ಮನೆಗೆ ಬಂದ ಮೇಲೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು. ಅಕ್ಕಪಕ್ಕದ ಮನೆಯವರೂ ಇದ್ದರು.

"ನಾನು ಹೋದಾಗ ಯಾರೂ ಅಳಬಾರದು. ಬಾಗಿಲಲ್ಲಿ ಜನ ಸೇರಬಾರದು. ಯಾರೂ ಕೆಲಸಕ್ಕೆ ರಜೆ ಹಾಕಬಾರದು. ಮಾರನೇ ದಿನ ನೀನು ಎಂದಿನ ಹಾಗೆ ಇಸ್ತ್ರಿ ಪೆಟ್ಟಿಗೆ ಹೊತ್ತಿಸ್ಬೇಕು."

"ಬಿಡ್ತು ಅನ್ನಿ ಅತ್ತೆ. ಎಂಥ ಮಾತು ಅಂತ ಆಡ್ತೀರಾ."

"ನಾನು ಹೇಳಿದ್ದು ಕೇಳು."

"ಇಷ್ಟು ವರ್ಷ ನಿಮ್ಮ ಕೈಲಿ ಬೈಸ್ಕೊಂಡು ಬಾಳಿದೀನಿ. ಕೊನೇಗೆ ಅಳೋಕೂ ಬಿಡಲ್ವಾ?" ಅಂದಳು ಸೊಸೆ. "ನನ್ನ ಗಂಡ ಹೋದಾಗ್ಲೂ ಉಸಿರು ದಂಡ ಅಂತ ಬಾಯಿ ಮುಚ್ಚಿಸಿದ್ರಿ."

ಅಜ್ಜಿ ಸೊಸೆಯ ಕೈಯನ್ನು, ಇಸ್ತ್ರಿ ಪೆಟ್ಟಿಗೆ ಹಿಡಿದು ದಡ್ಡುಗಟ್ಟಿದ ಅಂಗೈಯನ್ನು, ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ಪೆಟ್ಟಿಗೇಲಿ ಹಸಿ ಇದ್ದಿಲು ಹಾಕ್ಕೊಂಡು ಅಳು. ಯಾರಾದ್ರೂ ಕೇಳಿದ್ರೆ ಹೊಗೆ ಅನ್ನು."

"ಮತ್ತೆ ನಿಮ್ಮನ್ನ... ಹೊರಗೆ ಸಾಗಿಸೋದು?" ಎಂದು ಎದುರುಮನೆಯವಳು ಮೆಲ್ಲಗೆ ಕೇಳಿದಳು.

"ಅದನ್ನ ನೀವು ನೋಡ್ಕೊಳ್ರಮ್ಮ. ಸತ್ತ ಮೇಲೂ ಎಲ್ಲ ನಾನೇ ಮಾಡ್ಬೇಕಾ?"

ಹಗೆಗಳ ಹೆಣಗಳ ಮುಂದೆಲ್ಲ ಹೋಗಿ ನಿಂತು ಬಂದವಳು ತನ್ನ ಸಾವಿಗೆ ಒಬ್ಬರೂ ನಿಲ್ಲಬಾರದು ಅಂದಳು. ಸಾವನ್ನು ಒಪ್ಪಿಕೊಳ್ಳುವುದು ಅಂದರೆ ಸೋಲು, ಶರಣಾಗತಿ, ಶಾಂತಿ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಅವಳು ಒಪ್ಪಿಕೊಂಡದ್ದು ಸೇಡಿನ ಕೊನೆಯ ಕೆಲಸ ಮುಗಿಸಿದ ಹಾಗೆ. ತನ್ನ ಸಾವು ತನ್ನದು, ಅದರಲ್ಲಿ ಕಾರ್ಖಾನೆಗೆ ಚೂರೂ ಪಾಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಅಜ್ಜಿ ಇದ್ದಾಳೋ ಇಲ್ಲವೋ ಎಂದು ನಾನು ಬರೆಯುವುದಿಲ್ಲ. ಮರಿಧಣಿ ಹಾಲಿನವನನ್ನು ಕೇಳಿಸಿದ್ದಾನೆ, ಅಂಚೆಯವನನ್ನು ಕೇಳಿಸಿದ್ದಾನೆ. ಮುಚ್ಚಿದ ಬಾಗಿಲ ಹಿಂದೆ ಕೇಳುವ ಕೆಮ್ಮು ಮುದುಕಿಯದಲ್ಲ, ಸಾಲಿನ ಹೆಂಗಸರು ಪಾಳಿ ಹಾಕಿಕೊಂಡು ಕೆಮ್ಮುತ್ತಾರೆ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದಾನೆ. ಕೆಮ್ಮು ಯಾರದೆಂದು ಸಾಧಿಸಲಿ. ಆ ಸಾಲುಗಳಲ್ಲಿ ಕೆಮ್ಮಿಗೇನು ಬರ ಬಂದಿಲ್ಲ. ಇದು ಅಚ್ಚಾದರೆ ಕಾರ್ಖಾನೆಯವರೂ ಓದುತ್ತಾರಲ್ಲ ಅನ್ನುತ್ತೀರಾ? ಓದಲಿ, ಓದಿ ಹೊಟ್ಟೆ ಉರಿದುಕೊಳ್ಳಲಿ. ಅವರಿಗೆ ಈಗ ಬೇಕಾಗಿರುವುದು ಒಬ್ಬನೇ ಒಬ್ಬ ಸಾಕ್ಷಿ. ಸಾಲಿನೊಳಗೆ ಸಿಗಲಿಲ್ಲ ಎಂದು ಹೊರಗೆ ಹುಡುಕುತ್ತಿದ್ದಾರೆ. ಗರಿಗರಿ ಅಂಗಿಯವನೊಬ್ಬ ಚರ್ಮದ ಚೀಲ ಹಿಡಿದು ನಿಮ್ಮ ಬಾಗಿಲಿಗೂ ಬರುತ್ತಾನೆ, ನಯವಾಗಿ ಮಾತಾಡುತ್ತಾನೆ, ನಿಮ್ಮ ಮಕ್ಕಳ ಓದು ವಿಚಾರಿಸುತ್ತಾನೆ. ಆಮೇಲೆ ಕೇಳುತ್ತಾನೆ.

ನಿಮ್ಮ ಮನೆಯಲ್ಲೂ ಹೊಳೆಯುವ ಪಿಂಗಾಣಿ ಇದೆ. ಆದ್ದರಿಂದ ನಿಮಗೆ ಗೊತ್ತಿಲ್ಲ ಎಂದು ಜಾರಿಕೊಳ್ಳುವ ಹಕ್ಕಿಲ್ಲ. ಎದ್ದು ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು, ಇದ್ದಾಳೆ ಅನ್ನಿ.